ಮುಳ್ಳು ನಡುವಿಗೆ ಬರುವ ತನಕ

ನನ್ನ ತಮ್ಮ ಯಾರ ಮೇಲೂ ಕೈ ಮಾಡಿದವನಲ್ಲ, ಯಾರ ತಲೆಯನ್ನೂ ಸವರಿದವನಲ್ಲ. ಅವನಲ್ಲಿ ಇದ್ದಬದ್ದ ಮಮತೆಯನ್ನೆಲ್ಲ ಪಡೆದದ್ದು ಒಂದು ಬಿಳಿ ಡೀಸೆಲ್ ಕಾರು. ಕಾರವಾರದ ಉಪ್ಪುಗಾಳಿ ತಗಡು ತಿನ್ನುತ್ತದೆಂದು ದಿನಾ ಸಂಜೆ ಅದನ್ನು ಬಾವಿನೀರಲ್ಲಿ ತೊಳೆದು, ಹಳೆ ಬನಿಯನ್ನಿನಿಂದ ಒರೆಸಿ, ಮೇಲೊಂದು ಹೊದಿಕೆ ಹೊದಿಸುತ್ತಿದ್ದ. ಅವನ ಹೆಂಡತಿ ಒಮ್ಮೆ ನನ್ನೆದುರೇ ಹೇಳಿದ್ದಳು, "ಬಾಣಂತನದಲ್ಲಿ ನಂಗೂ ಇಷ್ಟು ಹೊದಿಸ್ಲಿಲ್ಲ ಇವ." ಅವ ನಗಲಿಲ್ಲ. "ನಿಂಗೆ ತುಕ್ಕು ಹಿಡೀತದಾ?" ಎಂದು ಕೇಳಿ ಬಕೆಟ್ ಎತ್ತಿಕೊಂಡು ಹೋದ.

ಆ ಕಾರು ಹೊರಡಿಸುವುದಕ್ಕೆ ಅವನದೊಂದು ಪದ್ಧತಿಯಿತ್ತು. ಕೀಲಿಯನ್ನು ಅರ್ಧ ತಿರುಗಿಸಿ, ಎದುರಿನ ಹಳದಿ ದೀಪ ಆರುವ ತನಕ ಕಾಯಬೇಕು. ಆಮೇಲೆ ಪೂರ್ತಿ ತಿರುಗಿಸಬೇಕು. ಚಾಲೂ ಆದ ಗಾಡಿಯನ್ನು ನಿಂತಲ್ಲೇ ಗುರುಗುಟ್ಟಿಸುವುದು ಮೂರ್ಖರ ಕೆಲಸವಂತೆ. ಕೂಡಲೇ ಹೊರಡಬೇಕು, ಆದರೆ ಸಾವಕಾಶ. ಎಕ್ಸಲೇಟರ್ ಮೇಲೆ ಕಾಲಿಟ್ಟದ್ದು ಎಕ್ಸಲೇಟರಿಗೂ ಗೊತ್ತಾಗಬಾರದು. ಎಸಿ ಹಾಕುವಂತಿಲ್ಲ, ಯಾರನ್ನೂ ಓವರ್‌ಟೇಕ್ ಮಾಡುವಂತಿಲ್ಲ, ಸೈಕಲ್ಲಿನವ ಮುಂದೆ ಹೋದರೆ ಹೋಗಲಿ. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ತಳದಿಂದ ಎದ್ದು ನಡುವಿಗೆ ಬರುವ ತನಕ ಹೀಗೆ. ನಡುವಿಗೆ ಬಂತೋ, ಮುಗಿಯಿತು. ಆಮೇಲೆ ಅವನ ಕಾಲೇ ಬೇರೆ.

ಕೋಡಿಬಾಗದ ನಮ್ಮ ಮನೆಯಿಂದ ಹೊರಟರೆ ಮೊದಲು ಕಾಳಿ ನದಿಯ ದಂಡೆಗುಂಟ ಸ್ವಲ್ಪ ದೂರ, ಆಮೇಲೆ ಪೇಟೆಯ ನಡುವೆ, ಆಮೇಲೆ ಕಡಲ ಬದಿಯ ರಸ್ತೆ. ಬಿಣಗಾ ಬರುವಷ್ಟರಲ್ಲಿ ಮುಳ್ಳು ಏರಿರುತ್ತಿತ್ತು. ಅಲ್ಲಿಂದ ಮುಂದೆ ಅರ್ಗಾ, ಅಮದಳ್ಳಿ, ಅವರ್ಸಾ ಎಲ್ಲ ಕಿಟಕಿಯಲ್ಲಿ ಬಂದ ಹಾಗೇ ಹೋಗುತ್ತಿದ್ದವು. ಹೊಂಡವಿರಲಿ, ಉಬ್ಬಿರಲಿ, ಅವ ಕಾಲೆತ್ತುತ್ತಿರಲಿಲ್ಲ. ಇದನ್ನೆಲ್ಲ ಇಷ್ಟು ಖಂಡಿತವಾಗಿ ಹೇಳುತ್ತೇನೆ, ಯಾಕೆಂದರೆ ಒಂದಿಡೀ ಮಳೆಗಾಲ ನಾನು ಆ ಕಾರಿನ ಹಿಂದಿನ ಸೀಟಿನಲ್ಲಿ ನಮ್ಮಿಬ್ಬರನ್ನು ಹೆತ್ತ ಆಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾರವಾರದಿಂದ ಅಂಕೋಲೆಗೆ, ಅಂಕೋಲೆಯಿಂದ ಕಾರವಾರಕ್ಕೆ ಹೋಗಿಬಂದಿದ್ದೇನೆ.

ಆಯಿ ಬಿದ್ದದ್ದು ಮೀನು ಮಾರ್ಕೆಟ್ಟಿನ ಮೆಟ್ಟಿಲಲ್ಲಿ. ಮಗಳು ನಾನು ಶಾಲೆಯಲ್ಲಿ ಟೀಚರ್, ಮಗನಿಗೆ ಅರ್ಗಾದ ಕಡೆ ಒಳ್ಳೇ ನೌಕರಿ, ಆದರೂ ಮುದುಕಿ ಬುಟ್ಟಿ ಬಿಟ್ಟಿರಲಿಲ್ಲ. ಬಿದ್ದಾಗ ಬುಟ್ಟಿಯೂ ಮಗುಚಿತು. ಎತ್ತಲು ಓಡಿಬಂದವರಿಗೆ, "ನನ್ನ ಆಮೇಲೆ ಎತ್ತಿ, ಮೊದ್ಲು ಬಂಗಡೆ ಎತ್ತಿ, ಕಾಗೆ ಕಚ್ಕೊಂಡ್ ಹೋಗ್ತದೆ" ಅಂದಳಂತೆ. ಸೊಂಟದ ಗುಂಡು ಮುರಿದಿತ್ತು. ಆಪರೇಷನ್ ಆಗಿ ರಾಡ್ ಕೂತಿತು. ಕಾಲಿಗೆ ಸರಿಯಾಗಿ ವ್ಯಾಯಾಮ ಮಾಡಿಸಿದರೆ ಕೋಲು ಹಿಡಿದು ನಡೆದಾಳು, ಇಲ್ಲದಿದ್ದರೆ ಹಾಸಿಗೆಯೇ ಗತಿ ಎಂದರು. ವ್ಯಾಯಾಮ ಮಾಡಿಸುವುದರಲ್ಲಿ ಕೈಗುಣ ಇದ್ದ ಡಾಕ್ಟರೊಬ್ಬರು ಅಂಕೋಲೆಯಲ್ಲಿದ್ದರು. ವಾರಕ್ಕೊಮ್ಮೆ ಅಲ್ಲಿಗೆ ಕರೆದೊಯ್ಯುವುದೆಂದಾಯಿತು.

ಮೊದಲ ಸಲ ಹೊರಟ ದಿನ ತಮ್ಮ ತನ್ನ ಪದ್ಧತಿಯಂತೆ ಹೊರಟ. ನದೀದಂಡೆಯ ರಸ್ತೆಯಲ್ಲಿ ಕಾರು ಅಲುಗದ ಹಾಗೆ ಹರಿದು ಹೋಯಿತು. ಆಯಿ ಕಣ್ಣು ಮುಚ್ಚಿಕೊಂಡಿದ್ದಳು. ಸ್ವಲ್ಪ ಹೊತ್ತಿಗೆ ಅವಳ ಮುಖದ ಗಂಟೆಲ್ಲ ಸಡಿಲವಾಯಿತು.

"ಕಂಡ್ಯಾ?" ಅಂದಳು ನನಗೆ. "ನಂಗೆ ತ್ರಾಸಾಗ್ತದೆ ಹೇಳಿ ಹ್ಯಾಂಗೆ ಒಯ್ತ ನೋಡು. ತೊಟ್ಲಲ್ಲಿ ಹಾಕಿ ತೂಗ್ದ ಹಾಂಗೆ ಅದೆ. ಅಪ್ಪನ ಮಗ. ಅಪ್ಪನದೇ ಕೈ."

ಬಿಣಗಾ ದಾಟಿತು. ಕಾರು ಹಾರಿತು. ಮೊದಲ ಹೊಂಡಕ್ಕೇ ಆಯಿಯ ಉಗುರು ನನ್ನ ತೊಡೆಯಲ್ಲಿ ನೆಟ್ಟಿತು. ಹಲ್ಲು ಕಚ್ಚಿಕೊಂಡೇ ಹೇಳಿದಳು, "ಡಾಕ್ಟ್ರ ಟೈಮ್ ಮೀರ್ತದೆ ಹೇಳಿ ಪಾಪ ಗಡಿಬಿಡಿ ಅವಂಗೆ." ಸಾವಕಾಶ ಹೋದರೂ ಪ್ರೀತಿ, ಓಡಿಸಿದರೂ ಪ್ರೀತಿ. ಗಂಡು ಹೆತ್ತವರ ಲೆಕ್ಕ ನನಗೆ ಎಂದೂ ಅರ್ಥವಾಗಿಲ್ಲ. ಅಂಕೋಲೆಯಲ್ಲಿ ಇಳಿದಾಗ ನನ್ನ ಸೀರೆಗೆ ರಕ್ತದ ಚುಕ್ಕೆ ಅಂಟಿತ್ತು, ಅವಳ ಉಗುರು ನೆಟ್ಟ ಗಾಯದ್ದು.

ಮನೆಯಲ್ಲಿ ಅವಳ ಮಗ್ಗುಲು ಬದಲಿಸುತ್ತಿದ್ದವಳು ನಾನು. ಶಾಲೆಗೆ ರಜೆ ಹಾಕಿದವಳೂ ನಾನೇ. ಮಲಮೂತ್ರಕ್ಕೆ ಕೆಳಗೆ ಬಟ್ಟಲಿಡುವುದು, ತೆಗೆಯುವುದು, ಒರೆಸುವುದು, ಬೆನ್ನಿಗೆ ಹುಣ್ಣಾಗದ ಹಾಗೆ ಪೌಡರ್ ಹಾಕುವುದು, ಕೂದಲ ಸಿಕ್ಕು ಬಿಡಿಸುವುದು ಎಲ್ಲ ನನ್ನದು. ತಮ್ಮನ ಸಂಸಾರ ಅದೇ ಮನೆಯ ಮಹಡಿಯ ಮೇಲೆ. ಮೆಟ್ಟಿಲಿಳಿದು ಬಂದರೆ ಬಾಗಿಲಲ್ಲೇ ನಿಂತು, "ಹ್ಯಾಂಗಿದ್ಯೆ ಆಯಿ?" ಎಂದು ಕೇಳಿ, ಉತ್ತರ ಬರುವ ಮೊದಲೇ ಕಾರಿನ ಹೊದಿಕೆ ಸರಿಯಿದೆಯೋ ನೋಡಲು ಹೋಗುತ್ತಿದ್ದ. ಹೊಲಸಿನ ವಾಸನೆ ಅವನಿಗೆ ಆಗುವುದಿಲ್ಲ. ಮೀನು ಮಾರಿದ ಕೈಯ ಅನ್ನ ತಿಂದು ಬೆಳೆದವನಿಗೆ ವಾಸನೆ ಆಗುವುದಿಲ್ಲವಂತೆ.

ಆಯಿಗೆ ನನ್ನ ಕೈ ಸೇರುತ್ತಿರಲಿಲ್ಲ. "ಕಲ್ಲು ಮಾರಾಯ್ತಿ, ಕೈಯಲ್ಲ ಇದು ಕಲ್ಲು" ಅನ್ನುತ್ತಿದ್ದಳು. ಮುಟ್ಟಿದರೆ ಮುಲುಗುತ್ತಿದ್ದಳು, ಮುಟ್ಟದಿದ್ದರೆ ಬೈಯುತ್ತಿದ್ದಳು. ಒಂದು ದಿನ ಸ್ನಾನ ಮಾಡಿಸುವಾಗ ಎದುರುಮನೆಯ ಹೆಂಗಸು ಬಂದು ಕೂತಿದ್ದಳು. ಅವಳು ಕೇಳಲೆಂದೇ ಆಯಿ ಗಟ್ಟಿಯಾಗಿ ಹೇಳಿದಳು, "ಇವ್ಳ ಕೈ ಹಿಡಿಯೂಕೆ ಯಾರೂ ಬರ್ಲಿಲ್ಲ ಎಂಥಕೆ ಹೇಳಿ ಈಗ ಗೊತ್ತಾಯ್ತು ನೋಡೇ. ಬಂದಿದ್ರೆ ಅವ್ನ ಎಲುಬೂ ಮುರೀತಿತ್ತು." ಎದುರುಮನೆಯವಳು ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ನಾನು ಸೊಂಟದ ಹೊಲಿಗೆಯ ಹತ್ತಿರ ಸೋಪು ಹಚ್ಚುತ್ತಿದ್ದೆ. ಕೈ ಒತ್ತಬೇಕೆನಿಸಿತು. ಒತ್ತಲಿಲ್ಲ. ಬಿಸಿನೀರು ಸಾಕೋ ಎಂದು ಕೇಳಿದೆ.

"ತಮ್ಮನ ಹತ್ರ ಕಲಿ" ಅಂದಳು ಆಯಿ. "ಅವ ಒಯ್ವಾಗ ಮೈಗೆ ಗಾಳಿ ಸೋಕಿದ್ದೂ ಗೊತ್ತಾಗೂದಿಲ್ಲ."

ಇದು ಬರೀ ಮಗನ ಮೇಲಿನ ಮೋಹವಾಗಿದ್ದರೆ, ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಾನೂ ಸುಮ್ಮನಿರುತ್ತಿದ್ದೆ. ಅದರ ಹಿಂದೆ ಅಪ್ಪನಿದ್ದ. ಅಪ್ಪ ಸತ್ತು ಎಷ್ಟೋ ಕಾಲವಾಗಿತ್ತು, ಆದರೆ ಆಯಿಯ ಮಟ್ಟಿಗೆ ಕಾರು ಓಡಿಸುತ್ತಿದ್ದವ ಅವನೇ.

ಅಪ್ಪ ಬೇರೆಯವರ ಮೀನುಬೋಟಿಗೆ ಡ್ರೈವರ್ ಆಗಿದ್ದ. ಬೋಟು ನಮ್ಮ ಕೇರಿಯ ಹಿಂದೆ, ನದಿಯಲ್ಲೇ ನಿಲ್ಲುತ್ತಿತ್ತು. ಬೆಳಕು ಹರಿಯುವ ಹೊತ್ತಿಗೆ ಹಗ್ಗ ಬಿಚ್ಚಿ, ಸೇತುವೆಯ ಕೆಳಗೆ ಹಾದು, ನದಿ ಕಡಲು ಸೇರುವ ಅಳಿವೆಯನ್ನು ದಾಟಿ ಹೋಗುವುದು. ನಮ್ಮ ಕೇರಿಯಲ್ಲೊಂದು ಕಟ್ಟಳೆಯಿತ್ತು. ಬೋಟು ಅಳಿವೆ ದಾಟುವ ತನಕ ಅದರಲ್ಲಿ ಹೋದವನ ಮನೆಯ ಹೆಂಗಸು ದಂಡೆಯ ಮೇಲೆ ನಿಂತಿರಬೇಕು, ಬೆನ್ನು ತಿರುಗಿಸಬಾರದು. ಉಳಿದ ಬೋಟಿನವರು ಮೊದಲು ಯಾರು ಮೀನಿನ ಮೇಲೆ ಬೀಳುತ್ತಾರೆಂಬ ಪೈಪೋಟಿಯಲ್ಲಿ ದಂಡೆಯಿಂದಲೇ ಎಂಜಿನ್ ಅರಚಿಸಿಕೊಂಡು ಹೋಗುತ್ತಿದ್ದರು. ಅವರ ಹೆಂಗಸರು ಬೇಗ ಮನೆ ಸೇರುತ್ತಿದ್ದರು. ಅಪ್ಪನ ಬೋಟು ಮಾತ್ರ ಟುಕ್, ಟುಕ್, ಟುಕ್ ಎಂದು ಮನಸ್ಸಿಲ್ಲದ ಮನಸ್ಸಿನಿಂದ ಹೋದಂತೆ ಹೋಗುತ್ತಿತ್ತು. ಆಯಿ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು, ನನ್ನ ಕೈ ಹಿಡಿದುಕೊಂಡು ನಿಂತೇ ಇರುತ್ತಿದ್ದಳು.

"ಉಳಿದೋರ ಗಂಡಂದ್ರು ಹೆಂಡ್ತಿ ಮಕ್ಳ ತಪ್ಪಿಸ್ಕೊಂಡು ಓಡೋರ ಹಾಂಗೆ ಓಡ್ತ್ರು" ಅನ್ನುತ್ತಿದ್ದಳು. "ನಿಮ್ಮಪ್ಪನ್ನ ನೋಡು. ನಮ್ಮನ್ನ ಬಿಟ್ಟು ಹೋಗೂಕೆ ಮನಸ್ಸೇ ಬರೂದಿಲ್ಲ ಅವಂಗೆ."

ದಂಡೆಯ ಮೇಲೆ ಅಪ್ಪ ಹೀಗಿರಲಿಲ್ಲ. ಸಾರಿಗೆ ಹುಳಿ ಕಡಿಮೆಯಾದರೆ ಬಟ್ಟಲು ಅಂಗಳಕ್ಕೆ ಹೋಗುತ್ತಿತ್ತು, ಅದರ ಹಿಂದೆಯೇ ಆಯಿಯೂ. ಮೀನು ಕೊಳ್ಳಲು ಬಂದ ಯಾವನೋ ವ್ಯಾಪಾರಿಯ ಜೊತೆ ನಗಾಡಿದಳೆಂದು ಕೇರಿಯ ಎದುರೇ ಅವಳ ಜಡೆ ಹಿಡಿದು ಮನೆಯ ತನಕ ಎಳೆದುಕೊಂಡು ಬಂದದ್ದನ್ನು ನಾನು ನೋಡಿದ್ದೇನೆ. ಆಯಿಯ ಮುಂದಿನ ಹಲ್ಲೊಂದು ಅರ್ಧ ಮುರಿದಿರುವುದು ಹುಟ್ಟಿನಿಂದಲ್ಲ. ಆ ಹಲ್ಲು ಮುರಿದ ಮರುದಿನ ಬೆಳಿಗ್ಗೆಯೂ ಅವಳು ಬಾಯಿಗೆ ಸೆರಗು ಹಿಡಿದುಕೊಂಡು ದಂಡೆಯ ಮೇಲೆ ನಿಂತಿದ್ದಳು. ಬೋಟು ಟುಕ್, ಟುಕ್ ಎಂದು ಹೋಯಿತು. ಮನೆಗೆ ಬರುವಾಗ ಅವಳ ಮುಖ ತಿಳಿಯಾಗಿತ್ತು. "ಬಾಯಲ್ಲಿ ಹೇಳೂಕೆ ಬರೂದಿಲ್ಲ ಅವಂಗೆ" ಅಂದಳು ನನಗೆ. "ಎಂಜಿನ್ನಲ್ಲಿ ಹೇಳ್ತ."

ಅದನ್ನು ನಾನು ಅಪ್ಪನಲ್ಲೇ ಕೇಳಿದೆ. ಒಂದು ರಜೆಯ ದಿನ ಅಪ್ಪನಿಗೆ ಚಹಾ ಕೊಡಲು ಬೋಟಿಗೆ ಹೋಗಿದ್ದೆ. ಅವ ಎಂಜಿನ್ ಕೋಣೆಯಲ್ಲಿ ಕೂತು ಎಣ್ಣೆ ಬದಲಿಸುತ್ತಿದ್ದ. ಕುಡಿದಿರಲಿಲ್ಲ, ಮುಖದಲ್ಲಿ ನಗುವಿತ್ತು, ಹಾಗಾಗಿ ಧೈರ್ಯ ಬಂತು. "ಅಪ್ಪಾ, ನೀ ಸಾವಕಾಶ ಹೋಗೂದು ಆಯಿ ನಿಂತಿರ್ತಾಳೆ ಹೇಳಿಯಾ?" ಎಂದು ಕೇಳಿದೆ.

ಅವ ಮೊದಲು ತಿಳಿಯದವನ ಹಾಗೆ ನೋಡಿದ. ಆಮೇಲೆ ಜೋರಾಗಿ ನಕ್ಕ. "ನಿನ್ ಆಯಿಗಾ?" ಅಂದ. "ತಣ್ಣಗಿರೂ ಎಂಜಿನ್ನ ರೇಸ್ ಮಾಡಿದ್ರೆ ಲೈನರ್ ಹೋಗ್ತದೆ. ಆಯಿ ಹೋದ್ರೆ ಇನ್ನೊಬ್ಳು ಸಿಕ್ತಾಳೆ. ಲೈನರ್ ಹೋದ್ರೆ ಮಾಲಕ ನನ್ನ ಬಿಡ್ತನಾ?" ಚಹಾ ಕುಡಿದು ಲೋಟ ಕೊಟ್ಟ. ಆಯಿಗೆ ಹೇಳಬೇಡ ಎಂದೇನೂ ಅನ್ನಲಿಲ್ಲ. ಹೇಳಿದ್ದರೂ ಅವನಿಗೇನೂ ಆಗುತ್ತಿರಲಿಲ್ಲ.

ನಾನು ಹೇಳಲಿಲ್ಲ. ತಮ್ಮ ಇನ್ನೂ ಶಾಲೆಗೆ ಹೋಗುವ ಮೊದಲೇ ಅಪ್ಪ ಕುಡಿದು ಕುಡಿದು ಕಾಮಾಲೆಯಾಗಿ ಸತ್ತ. ಆಯಿ ಬುಟ್ಟಿ ಹೊತ್ತಳು. ಸತ್ತವನ ಬಗ್ಗೆ ಅವಳ ಹತ್ತಿರ ಉಳಿದದ್ದು ಒಂದು ಮುರಿದ ಹಲ್ಲು ಮತ್ತು ಆ ಟುಕ್ ಟುಕ್. ಹಲ್ಲಿನ ಸುದ್ದಿ ಎಂದೂ ಎತ್ತಲಿಲ್ಲ. ಟುಕ್ ಟುಕ್‌ನ ಕತೆಯನ್ನು ಮಾತ್ರ ಕೇರಿಯ ಪ್ರತಿ ಮದುಮಗಳಿಗೆ ಹೇಳಿದಳು. "ಗಂಡ ಬಾಯಲ್ಲಿ ಹೇಳಿದ್ದ ನಂಬ್ಬೇಡಿ ಮಕ್ಳೇ, ಬಿಟ್ಟು ಹೋಗೂವಾಗ ಹ್ಯಾಂಗೆ ಹೋಗ್ತ ನೋಡಿ" ಅನ್ನುತ್ತಿದ್ದಳು. ಹುಡುಗಿಯರು ಕಣ್ಣು ಒರೆಸಿಕೊಳ್ಳುತ್ತಿದ್ದರು. ನಾನು ಅಲ್ಲೇ ಅಕ್ಷತೆಯ ತಟ್ಟೆ ಹಿಡಿದು ನಿಂತಿರುತ್ತಿದ್ದೆ, ಬಾಯೊಳಗೆ ಆ ಲೈನರ್ ಇಟ್ಟುಕೊಂಡು. ಒಂದು ಮಾತು ಉಗುಳಿದ್ದರೆ ಸಾಕಿತ್ತು, ಆಯಿಗೆ ಬದುಕಿನಲ್ಲಿ ಗಂಡನಿದ್ದ ಎನ್ನುವುದೇ ಸುಳ್ಳಾಗುತ್ತಿತ್ತು. ತನ್ನ ಮೇಲೆ ಒಂದು ಜೀವಕ್ಕೆ ಆಸೆಯಿತ್ತೆಂದು ನಂಬಲು ಅವಳ ಹತ್ತಿರ ಬೇರೆ ಸಾಕ್ಷಿ ಇರಲಿಲ್ಲ.

ಈಗ ಮಗನ ಕಾರು ಅದಕ್ಕೆ ಇನ್ನೊಂದು ಸಾಕ್ಷಿಯಾಗಿತ್ತು. ಅಪ್ಪನ ಹಾಗೇ ಮಗ. ಹೊರಡುವಾಗ ಕಾಲೇಳದವರು.

ಒಂದು ದಿನ ಅಡುಗೆಮನೆಯಲ್ಲಿ ತಮ್ಮನನ್ನು ಹಿಡಿದು ನಿಲ್ಲಿಸಿದೆ. "ಖರೆ ಹೇಳು, ಕೋಡಿಬಾಗದಲ್ಲಿ ಅಷ್ಟು ಸಾವಕಾಶ ಎಂಥಕೆ ಓಡಿಸ್ತೆ?"

"ತಣ್ಣಗಿದ್ದಾಗ ಒತ್ತಿದ್ರೆ ಟರ್ಬೋ ಹೋಗ್ತದೆ ಅಕ್ಕಾ" ಅಂದ. "ಎಣ್ಣೆ ಮೇಲೆ ಹತ್ತಬೇಕಲ್ಲ."

"ಆಯಿ ಅದನ್ನ ತನಗೋಸ್ಕರ ಹೇಳಿ ತಿಳ್ಕೊಂಡಾಳೆ."

ಅವನಿಗೆ ನಗು ತಡೆಯಲಾಗಲಿಲ್ಲ. ಗೋಡೆಗೆ ಒರಗಿಕೊಂಡು ನಕ್ಕ. ಅವನನ್ನು ನೋಡಿ ನನಗೂ ನಗು ಬಂತು. ಆ ಕಡೆ ಕೋಣೆಯಲ್ಲಿ ಮುದುಕಿ ಮಲಗಿದ್ದಾಗ ಈ ಕಡೆ ಅಕ್ಕ ತಮ್ಮ ಬಾಯಿ ಮುಚ್ಚಿಕೊಂಡು ನಕ್ಕೆವು. ದೊಡ್ಡವರಾದ ಮೇಲೆ ನಾವಿಬ್ಬರೂ ಕೂಡಿ ನಕ್ಕದ್ದು ಅದೊಂದೇ ಸಲ ಇರಬೇಕು. "ತಿಳ್ಕೊಳ್ಲಿ ಬಿಡು" ಅಂದ ಅವ ಕೊನೆಗೆ. "ಪುಕ್ಕಟೆ ಪುಣ್ಯ. ನಂಗೆಂಥ ನಷ್ಟ?"

ಅಲ್ಲಿಗೆ ನಿಂತಿದ್ದರೆ ಆಗುತ್ತಿತ್ತು. ಆದರೆ ಮುಂದಿನ ವಾರ ಹೊರಡುವಾಗ ಅವ ಕನ್ನಡಿಯಲ್ಲಿ ಹಿಂದೆ ನೋಡಿ, ಬೆಣ್ಣೆಯಂಥ ದನಿಯಲ್ಲಿ, "ಆಯಿ, ನೋವಾಗ್ತದಾ? ಇನ್ನೂ ಸಾವಕಾಶ ಹೋಗ್ಲಾ?" ಎಂದು ಕೇಳಿದ. ಕೇಳಿ ನನಗೆ ಕಣ್ಣು ಹೊಡೆದ. ಆಯಿಯ ಕಣ್ಣಲ್ಲಿ ನೀರು ತುಂಬಿತು. "ಬೇಡ ಮಗಾ, ಇಷ್ಟು ಸಾಕು" ಅಂದಳು. ನಂತರ ಪ್ರತಿ ವಾರವೂ ಇದು ನಡೆಯಿತು. ಅವಳ ಹೊಲಸು ತೆಗೆದ ಕೈ ಕಲ್ಲು, ಕಣ್ಣು ಹೊಡೆದವನ ಕೈ ಹೂವು. ನನಗೆ ಬೇಕಾಗಿದ್ದುದು ದೊಡ್ಡದೇನಲ್ಲ. ಒಂದು ಸಲ ಆ ಮುದುಕಿ ನನ್ನ ಮುಖ ನೋಡಿ, ಇವಳೊಬ್ಬಳು ಇದ್ದಾಳೆ ಅನ್ನಬೇಕಿತ್ತು.

ಎದುರುಮನೆಯ ಹೆಂಗಸಂತೂ ಕಾರು ಹೊರಡುವ ಹೊತ್ತಿಗೆ ಸರಿಯಾಗಿ ರಸ್ತೆಯಲ್ಲಿರುತ್ತಿದ್ದಳು. ಕಾರು ಹೋಗುವ ವೇಗಕ್ಕೆ ಅವಳೂ ಜೊತೆಗೆ ನಡೆದು ಬರಬಹುದಿತ್ತು, ಬರುತ್ತಿದ್ದಳು. "ಪುಣ್ಯ ಮಾಡಿದ್ಯೆ ವೈನಿ, ಇಂಥಾ ಮಗ ಯಾರಿಗೆ ಸಿಕ್ತ?" ಎಂದು ಆಯಿಗೆ ಅನ್ನುವುದು. "ಅಪ್ಪನ ಮಗ, ಅಪ್ಪನದೇ ಕೈ" ಎಂದು ಆಯಿ ಹೇಳುವುದು. ನಾನು ಕಿಟಕಿಯಾಚೆ ನದಿ ನೋಡುವುದು.

ಒಡೆದದ್ದು ಅಂಕೋಲೆಯಲ್ಲಿ. ಆ ದಿನ ಹೋದರೆ ಡಾಕ್ಟರು ಬಂದಿರಲಿಲ್ಲ. ಅವರ ಮನೆಯಲ್ಲೇನೋ ಸಾವಂತೆ. ಬಾಗಿಲಲ್ಲಿದ್ದವ ಮುಂದಿನ ವಾರ ಬನ್ನಿ ಅಂದ. ತಮ್ಮ ಆಯಿಯನ್ನು ಅಂಕೋಲೆಗೆ ಒಯ್ಯಲೆಂದೇ ಅರ್ಧ ದಿನದ ರಜೆ ಹಾಕಿದ್ದ. ಅದು ದಂಡವಾಯಿತೆಂದು ಮುಖ ಊದಿಸಿಕೊಂಡ. ಆಯಿಯನ್ನು ಕಾರಿನಿಂದ ಇಳಿಸಿಯೇ ಇರಲಿಲ್ಲ. ಹಾಗೇ ತಿರುಗಿಸಿ ಹೊರಟ.

ಬೇರೆ ದಿನಗಳಲ್ಲಿ ವ್ಯಾಯಾಮ ಮುಗಿಯುವಷ್ಟರಲ್ಲಿ ಎಂಜಿನ್ ತಣ್ಣಗಾಗಿರುತ್ತಿತ್ತು. ತಿರುಗಿ ಹೊರಡುವಾಗಲೂ ಅವರ್ಸಾದ ತನಕ ಸಾವಕಾಶವೇ. ಈ ದಿನ ಎಂಜಿನ್ ಸುಡುತ್ತಿತ್ತು. ಅವ ಸಿ‌ಟ್ಟಿನಲ್ಲಿ ಕ್ಲಚ್ ಬಿಟ್ಟ ರಭಸಕ್ಕೆ ಕಾರು ನೆಗೆಯಿತು. ಆಯಿಯ ದೇಹ ಸೀಟಿನಿಂದ ಜಾರಿ, ಕಾಲು ಮುಂದಿನ ಸೀಟಿಗೆ ಬಡಿಯಿತು. ಅವಳ ಬಾಯಿಂದ ಬಂದ ದನಿ ಮನುಷ್ಯರದ್ದಾಗಿರಲಿಲ್ಲ.

"ತಮಾ" ಅಂದಳು, ಉಸಿರು ಬಂದ ಮೇಲೆ. "ಸಾವಕಾಶ. ಯಾವಾಗ್ಲೂ ಹೊರಡಿಸೂ ಹಾಂಗೆ ಹೊರಡ್ಸು ಮಗಾ."

"ಈಗ ಬಿಸಿ ಅದೆ ಆಯಿ. ಈಗ ಎಂಥಕೆ ಸಾವಕಾಶ?"

"ಬಿಸಿ? ಎಂಥದು ಬಿಸಿ?"

"ಎಂಜಿನ್."

ಆಯಿಗೆ ಅರ್ಥವಾಗಲಿಲ್ಲ. "ಎಂಜಿನ್ ಬಿಸಿ ಇರ್ಲಿ, ತಣ್ಣಗಿರ್ಲಿ, ನನ್ನ ಸೊಂಟಕ್ಕೆ ನೋವು ಒಂದೇ ಅಲ್ದಾ?"

ಅವನಿಗೆ ನಾಟಕವಾಡುವ ಮನಸ್ಸು ಆ ದಿನ ಇರಲಿಲ್ಲ. ಎದುರಿಗೆ ಲಾರಿ ಬೇರೆ ಅಡ್ಡವಾಗಿತ್ತು. "ನಿನ್ ಸೊಂಟಕ್ಕಲ್ಲ ಆಯಿ ಸಾವಕಾಶ ಹೋಗೂದು" ಅಂದ. "ಎಂಜಿನ್ ತಣ್ಣಗಿದ್ದಾಗ ಜೋರು ಬಿಟ್ರೆ ಹಾಳಾಗ್ತದೆ. ನೀ ಇದ್ರೂ ಅಷ್ಟೇ, ಇಲ್ಲದಿದ್ರೂ ಅಷ್ಟೇ, ಒಂದು ಮೂಟೆ ಅಕ್ಕಿ ಇದ್ರೂ ಅಷ್ಟೇ. ನಾ ದಿನಾ ಹಾಂಗೇ ಹೋಗೂದು." ಲಾರಿಯನ್ನು ದಾಟಿ ಮುಂದೆ ಹಾರಿಸಿದ.

ಅವರ್ಸಾ ಹೋಯಿತು. ಅಮದಳ್ಳಿಯೂ ಹೋಯಿತು. ಹೊಂಡ ಬಂದರೂ ಆಯಿಯ ಉಗುರು ನನ್ನ ತೊಡೆಗೆ ತಾಗಲಿಲ್ಲ, ಎರಡೂ ಕೈಯನ್ನು ಎದೆಯ ಮೇಲೆ ಜೋಡಿಸಿಟ್ಟುಕೊಂಡಿದ್ದಳು. ಅರ್ಗಾದಲ್ಲಿ ನೌಕಾನೆಲೆಯ ಉದ್ದನೆಯ ಗೋಡೆ ಬರುವಾಗ ಬಾಯಿ ಬಿಟ್ಟಳು.

"ತಮಾ, ಬೋಟಿಂದೂ ಹಾಂಗೇಯಾ?"

"ಎಂಥದು?"

"ಬೋಟಿನ ಎಂಜಿನ್. ಅದನ್ನೂ ಬಿಸಿ ಆಗೂ ತನಕ ಸಾವಕಾಶ ಓಡಿಸ್ಬೇಕಾ?"

"ಎಲ್ಲ ಎಂಜಿನ್ನೂ ಹಾಂಗೇ ಆಯಿ" ಅಂದ ಅವ. ಅವಳು ಯಾವ ಬೋಟಿನ ಸುದ್ದಿ ಕೇಳುತ್ತಿದ್ದಾಳೆಂದು ಅವನ ತಲೆಗೆ ಹೋಗಲೇ ಇಲ್ಲ.

ಆಯಿ ತಲೆ ತಿರುಗಿಸಿ ನನ್ನ ಮುಖವನ್ನು ಕೆಳಗಿನಿಂದ ನೋಡಿದಳು. ಆ ಮಳೆಗಾಲವಿಡೀ ಅವಳು ನನ್ನ ಮುಖವನ್ನು ಹಾಗೆ ನೋಡಿರಲಿಲ್ಲ. "ನಿಂಗೆ ಗೊತ್ತಿತ್ತಾ?" ಎಂದು ಕೇಳಿದಳು.

ಸುಳ್ಳು ಹೇಳಬಹುದಿತ್ತಲ್ಲ ಅನ್ನುವವರಿದ್ದಾರೆ. ನನ್ನ ಶಾಲೆಯ ಗೆಳತಿಯೊಬ್ಬಳು ಹಾಗೆ ಅಂದಳು ಕೂಡ. ಅನ್ನುವವರು ಒಂದು ವಾರ ಬಂದು ಅವಳ ಮಗ್ಗುಲು ಬದಲಿಸಲಿ, ಅವಳ ಬಾಯಿ ಕೇಳಲಿ, ಆಮೇಲೆ ನನಗೆ ಬುದ್ಧಿ ಹೇಳಲಿ. ಕೇಳಿದಳು, ಹೇಳಿದೆ.

"ಗೊತ್ತಿತ್ತು" ಅಂದೆ. "ಅಪ್ಪನೇ ಹೇಳಿದ್ದ. ನಾ ಸಣ್ಣವಳಿದ್ದಾಗ ಕೇಳಿದ್ದೆ, ಆಯಿ ನಿಂತಿರ್ತಾಳೆ ಹೇಳಿ ಸಾವಕಾಶ ಹೋಗ್ತ್ಯಾ ಅಂತ. ನಕ್ಕಿದ್ದ."

"ಎಂಥ ಅಂದ?"

ಅಲ್ಲಿ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಬಾಯಲ್ಲಿ ಅಷ್ಟು ಕಾಲ ಇದ್ದದ್ದು ಒಂದಕ್ಷರ ಬಿಡದೆ ಹೊರಗೆ ಬಂತು. "ಆಯಿ ಹೋದ್ರೆ ಇನ್ನೊಬ್ಳು ಸಿಕ್ತಾಳೆ, ಲೈನರ್ ಹೋದ್ರೆ ಮಾಲಕ ಬಿಡ್ತನಾ, ಅಂದ."

ಕಾರು ಬಿಣಗಾದ ಕಡೆ ಹೋಗುತ್ತಿತ್ತು. ತಮ್ಮ ಕನ್ನಡಿಯಲ್ಲಿ ನನ್ನನ್ನು ಒಮ್ಮೆ ನೋಡಿದ. ಆಯಿ ಅಳಲಿಲ್ಲ. ಅವಳು ಕೇಳಿದ್ದು ತೀರ ಬೇರೆ.

"ಲೈನರ್ ಅಂದ್ರೆ ಎಂಥದು?"

ಅವಳು ಕೇಳಿದ್ದು ನನ್ನನ್ನಲ್ಲ, ಮಗನನ್ನು. ಎಂಜಿನ್ನಿನ ಪ್ರಶ್ನೆ ಬಂತೆಂದು ಅವನಿಗೂ ಹಗುರವಾಯಿತೇನೋ. "ಒಳಗೆ ಪಿಸ್ಟನ್ ಓಡೂ ಕೊಳವೆ ಆಯಿ" ಅಂದ. "ಬೀಡು ಕಬ್ಬಿಣದ್ದು."

"ಎಷ್ಟು ದೊಡ್ಡದಿರ್ತದೆ?"

ಅವ ಸ್ಟೇರಿಂಗಿನಿಂದ ಒಂದು ಕೈ ತೆಗೆದು, ನೆಲದಿಂದ ಗೇಣುದ್ದ ತೋರಿಸುವವರ ಹಾಗೆ ಸೀಟಿನಿಂದ ಮೇಲಕ್ಕೆ ಹಿಡಿದು ತೋರಿಸಿದ. "ಇಷ್ಟು."

ಆಯಿ ಆ ಕೈಯನ್ನು ನೋಡಿದಳು. ಅವ ಕೈ ಇಳಿಸಿದ ಮೇಲೂ ಆ ಜಾಗವನ್ನು ನೋಡುತ್ತಿದ್ದಳು.

ಮನೆಗೆ ಬಂದು ಹಾಸಿಗೆಗೆ ಹಾಕುವಾಗ ನಾನು ಕಾದೆ. ಅವಳು ನಂಬಿದ್ದ ಇಬ್ಬರು ಗಂಡಸರೂ ಸುಳ್ಳಾದರಲ್ಲ, ಇನ್ನು ಉಳಿದವಳು ನಾನೊಬ್ಬಳೇ. ಈಗಲಾದರೂ ನನ್ನ ಕೈ ಹಿಡಿದಾಳು ಎಂದು, ನಾಚಿಕೆಬಿಟ್ಟು ಹೇಳುತ್ತೇನೆ, ಮಗುವಿನ ಹಾಗೆ ಕಾದೆ. ಹೊದಿಕೆ ಹೊದಿಸಿದ ಮೇಲೆ ಆಯಿ ಮಾತಾಡಿದಳು.

"ಇಷ್ಟು ವರ್ಷ ಒಳಗಿಟ್ಕೊಂಡಿದ್ದೆ ಅಲ್ದಾ?" ಅಂದಳು. "ನಾ ಸಾಯೂ ತನಕ ಇಟ್ಕೊಳ್ಳೂಕೆ ನಿಂಗೆ ಎಂಥಾ ತ್ರಾಸಾಗ್ತಿತ್ತು?"

"ನೀನೇ ಕೇಳ್ದೆ" ಅಂದೆ.

"ನಾ ಕೇಳ್ದೆ. ಅವ ಎಂಜಿನ್ ಸುದ್ದಿ ಹೇಳ್ದ. ನನ್ನ ಸುದ್ದಿ ಹೇಳ್ದವಳು ನೀನು." ಗೋಡೆಯ ಕಡೆ ತಿರುಗಲು ನೋಡಿದಳು, ಅವಳಿಂದ ಆಗಲಿಲ್ಲ. ತಿರುಗಿಸಲು ಕೈ ಚಾಚಿದೆ. "ಮುಟ್ಬೇಡ" ಅಂದಳು.

ಮುಟ್ಟದೆ ಆಗುತ್ತದೆಯೇ? ಮುಟ್ಟುವವರು ಬೇರೆ ಯಾರೂ ಇರಲಿಲ್ಲ. ಸಂಜೆ ನಾನೇ ಬಟ್ಟಲಿಟ್ಟೆ, ನಾನೇ ತೆಗೆದೆ. ಆ ವಾರವೆಲ್ಲ ಅವಳ ಮೈ ನನ್ನ ಕೈಯಲ್ಲಿತ್ತು, ಮಾತು ಮಾತ್ರ ಒಂದೂ ಇರಲಿಲ್ಲ. ತಮ್ಮ ಬಾಗಿಲಲ್ಲಿ ನಿಂತು "ಹ್ಯಾಂಗಿದ್ಯೆ ಆಯಿ?" ಎಂದರೆ ಅವನಿಗೆ "ಅಡ್ಡಿಲ್ಲ ಮಗಾ" ಎಂದು ಉತ್ತರ ಬರುತ್ತಿತ್ತು. ಸುಳ್ಳಾಡಿ ಕಣ್ಣು ಹೊಡೆದವನಿಗೆ ಉತ್ತರ, ಖರೆ ಹೇಳಿದವಳಿಗೆ ಗೋಡೆ. ಇದೇ ನ್ಯಾಯ ನಮ್ಮ ಮನೆಯಲ್ಲಿ.

ಮುಂದಿನ ವಾರ ಅಂಕೋಲೆಗೆ ಹೊರಡುವಾಗ ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ನಾನೂ ಪಕ್ಕದಲ್ಲಿ ಕೂರಹೋದೆ. ಆಯಿ ತಮ್ಮನಿಗೆ ಹೇಳಿದಳು, "ಅಲ್ಲಿ ಒಂದು ತಲೆದಿಂಬು ಇಡು. ತಲೆದಿಂಬು ಸಾಕು ನಂಗೆ." ಅವ ನನ್ನ ಮುಖ ನೋಡಿದ. ನಾನು ಮನೆಯೊಳಗಿನಿಂದ ತಲೆದಿಂಬು ತಂದು ನನ್ನ ತೊಡೆ ಇರಬೇಕಾಗಿದ್ದಲ್ಲಿ ಇಟ್ಟು, ಮುಂದಿನ ಸೀಟಿನಲ್ಲಿ ಕೂತೆ. ಆ ಕಾರಿನಲ್ಲಿ ಮುಂದೆ ಕೂತದ್ದು ಅದೇ ಮೊದಲು. ಅಲ್ಲಿಂದ ಮುಳ್ಳು ಕಾಣುತ್ತಿತ್ತು, ತಳದಲ್ಲಿ ಮಲಗಿತ್ತು.

ಹಳದಿ ದೀಪ ಆರಿತು. ಕಾರು ಹೊರಟಿತು. ನದೀದಂಡೆಯ ರಸ್ತೆಗೆ ಬಂದಾಗ ಹಿಂದಿನಿಂದ ದನಿ ಬಂತು.

"ಜೋರು ಬಿಡು."

"ಎಂಥ ಆಯಿ?"

"ಜೋರು ಬಿಡು ಅಂದೆ. ಇಲ್ಲಿಂದಲೇ ಬಿಡು."

"ನಿಂಗೆ ನೋವಾಗ್ತದೆ."

"ಆಗ್ಲಿ. ನಂಗೋಸ್ಕರ ಒಂದು ಸಲ ಜೋರು ಬಿಡು."

ತಮ್ಮ ಮುಳ್ಳನ್ನು ನೋಡಿದ. ನಾನೂ ನೋಡಿದೆ. ಎದ್ದಿರಲಿಲ್ಲ. ಅವನ ಕಾಲು ಎಕ್ಸಲೇಟರ್ ಮೇಲೆ ಇದ್ದೂ ಇಲ್ಲದ ಹಾಗಿತ್ತು. ಹಿಂದಿನ ವಾರ ಸಾವಕಾಶ ಅಂದದ್ದು ಬಿಟ್ಟರೆ, ಆಯಿ ಅವನ ಬಳಿ ಬದುಕಿನಲ್ಲಿ ಏನನ್ನಾದರೂ ಬಾಯಿಬಿಟ್ಟು ಬೇಡಿದ್ದು ಅದೊಂದೇ ಇರಬೇಕು.

"ತಡಿ ಆಯಿ" ಅಂದ. "ಬಿಸಿ ಆಗ್ಲಿ."

ಎದುರುಮನೆಯ ಹೆಂಗಸು ಆ ದಿನವೂ ರಸ್ತೆಯಲ್ಲಿದ್ದಳು. ಕಾರಿನ ಜೊತೆಗೇ ನಡೆಯುತ್ತ ಬಂದು ಹಿಂದಿನ ಕಿಟಕಿಗೆ ಬಗ್ಗಿದಳು. "ಪುಣ್ಯ ಮಾಡಿದ್ಯೆ ವೈನಿ" ಅಂದಳು. "ಹೂವಿನ ಬುಟ್ಟಿ ಒಯ್ದ ಹಾಂಗೆ ಒಯ್ತ ಅಲ್ದಾ ಮಗ?"

ಆ ಹೆಂಗಸು ಉತ್ತರಕ್ಕೆ ಕಾಯುತ್ತ ಇನ್ನೂ ನಾಲ್ಕು ಹೆಜ್ಜೆ ಬಂದಳು.

"ಹೌದೇ" ಅಂದಳು ಆಯಿ. "ಅಪ್ಪನ ಮಗ. ಅಪ್ಪನದೇ ಕೈ."

ತಮ್ಮ ಕನ್ನಡಿಯಲ್ಲಿ ನೋಡಿ ನಕ್ಕ. ಅವನಿಗೆ ಅದು ಯಾವತ್ತಿನ ಮಾತೇ ಆಗಿ ಕೇಳಿರಬೇಕು. ಪೇಟೆ ದಾಟಿತು, ಕಡಲು ಬಂತು, ಮುಳ್ಳು ನಿಧಾನಕ್ಕೆ ಏರಿ ಬಿಣಗಾದಲ್ಲಿ ನಡುವಿಗೆ ಬಂದು ನಿಂತಿತು. ಅವ ಕಾಲು ಒತ್ತಿದ. ಮೊದಲ ಹೊಂಡದಲ್ಲಿ ಕಾರು ಎದ್ದು ಬಿತ್ತು. ಹಿಂದಿನಿಂದ ಒಂದು ಸದ್ದೂ ಬರಲಿಲ್ಲ. ಆಯಿ ಏನನ್ನು ಹಿಡಿದುಕೊಂಡಳೋ ನನಗೆ ಗೊತ್ತಿಲ್ಲ, ನಾನು ತಿರುಗಿ ನೋಡಲಿಲ್ಲ.